ಹೂಂಗುಟ್ಟಿದ್ದು ಜಾಸ್ತಿಯಾಯಿತು

"ಮುಂದಿನ ತಿಂಗಳು ಅಮೆರಿಕಕ್ಕೆ, ಓಹಾಯೋದ ಡೇಟನ್‌ಗೆ ಬರುತ್ತಿದ್ದೇವೆ ಅಣ್ಣ. ಮನೆ ಸಿಕ್ಕಿರುವ ಏರಿಯಾ ಪೂರ್ತಿ ಕನ್ಸರ್ವೇಟಿವ್ ಅಂತ ಎಲ್ಲರೂ ಹೆದರಿಸುತ್ತಾರೆ. ಅವರು ರಾಜಕೀಯ ತೆಗೆದರೆ ಸುಮ್ನೆ ತಲೆ ಆಡಿಸಿಬಿಟ್ಟರೆ ಸಾಕಲ್ವಾ? ಚಳಿ, ಸ್ಕೂಲು, ಬಂದೂಕು, ಇದರ ಬಗ್ಗೆಯೂ ಹೇಳಿ" ಎಂದು ಕೇಳಿದ್ದೀಯ. ಅಣ್ಣ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಜಾಕೆಟ್ ಇಲ್ಲಿ ಬಂದು ತಗೋ, ಬೆಂಗಳೂರಿನದು ಇಲ್ಲಿ ನಡೆಯುವುದಿಲ್ಲ. ಸ್ಕೂಲು ಚೆನ್ನಾಗಿದೆ. ಬಂದೂಕು ಸುಮಾರು ಮನೆಗಳಲ್ಲಿ ಇರುತ್ತದೆ. ಮಗು ಬೇರೆ ಮನೆಗೆ ಆಟಕ್ಕೆ ಹೋಗುವ ಮುಂಚೆ ಬೀಗ ಹಾಕಿ ಇಟ್ಟಿದ್ದಾರಾ ಅಂತ ಕೇಳು, ಸಂಕೋಚ ಬೇಡ. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ ವೋಟರ್ ಪಟ್ಟಿಗೆ ಹೆಸರು ಸೇರಿಸಲಾ ಅಂತ ಕೇಳಿದರೆ ಬೇಡ ಅನ್ನು. ಸಿಟಿಜನ್ ಆಗದವರು ತಿಳಿಯದೆ ಹೂಂ ಅಂದರೂ ಮುಂದೆ ಗ್ರೀನ್ ಕಾರ್ಡಿಗೇ (ಇಲ್ಲಿ ಕಾಯಂ ಇರುವ ಪರವಾನಗಿ) ಕುತ್ತು.

ಈಗ ತಲೆ ಆಡಿಸುವ ವಿಷಯ.

ನಾವು ಬಂದದ್ದು 2004ರ ಜನವರಿ. ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲೆತ್ತರ ಹಿಮ. ಮಂಕಿಟೋಪಿ ಹಾಕಿಕೊಂಡು, ಸಾಕ್ಸ್ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ ನಿಂತಿದ್ದೆ. ಪಕ್ಕದ ಮನೆಯ ಯಜಮಾನರು ಒಂದು ಮಾತೂ ಆಡದೆ ನಮ್ಮ ಮನೆಯ ಮುಂದಿನ ಹಿಮವನ್ನೆಲ್ಲ ಸಲಿಕೆಯಲ್ಲಿ ಎತ್ತಿ ಹಾಕಿದರು. ನನ್ನ ಹೆಂಡತಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು. ಕೈ ಸುಟ್ಟಿತು. ಕರ್ಚೀಫು ಸುತ್ತಿ ಹಿಡಿದುಕೊಂಡು ಪೂರ್ತಿ ಕುಡಿದರು.

ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ನಮ್ಮಪ್ಪನೂ ಎಚ್‌ಎಂಟಿಯ ಟೂಲ್ ರೂಮಿನವರು, ಹಾಗಾಗಿ ಗ್ಯಾರೇಜಿನ ಎಣ್ಣೆ ವಾಸನೆಗೇ ನಾನು ಸೋತುಬಿಟ್ಟೆ. ಸಾಲ ಅಂದರೆ ಅವರಿಗೆ ಆಗದು. ಸಂಜೆ ಐದೂವರೆಗೆ ಊಟ, ಅದಕ್ಕೆ ಮುಂಚೆ ಪ್ರಾರ್ಥನೆ. ಹೊತ್ತು ಮುಳುಗುವಾಗ ಬಾವುಟ ಇಳಿಸಿ ಮಡಿಸಿ ಇಡುವರು. ಜಾಮ್ ಬಾಟಲಿ ತೊಳೆದು ಅದರಲ್ಲಿ ಮೊಳೆ, ಸ್ಕ್ರೂ ತುಂಬುವರು. ಕನ್ಸರ್ವೇಟಿವ್ ಅಂದರೆ ನಮ್ಮ ಮಡಿ ಅಜ್ಜಿಯ ಹಾಗೆ ಇರಬೇಕು ಅಂದುಕೊಂಡು ಬಂದಿದ್ದೆ. ಅರ್ಧ ನಿಜವೇ.

ಅವರ ದೇವರು ಅಮೆರಿಕದ ಹಳೆಯ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್. 1923ರ ಆಗಸ್ಟ್ 3ರ ನಡುರಾತ್ರಿ, ವರ್ಮಾಂಟಿನ ಪ್ಲಿಮತ್ ನಾಚ್ ಎಂಬ ಹಳ್ಳಿಯಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ಅಪ್ಪನೇ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣ ವಚನ ಬೋಧಿಸಿದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ! "ಸರ್ಕಾರ ಅಂದರೆ ಹೀಗಿರಬೇಕು, ಮನೆ ಹಜಾರದಲ್ಲಿ ಹಿಡಿಸುವಷ್ಟು" ಎನ್ನುತ್ತಿದ್ದರು. ಕಡಿಮೆ ಮಾತು, ಕಡಿಮೆ ತೆರಿಗೆ, ಕಡಿಮೆ ಸಾಲ. ನಾನು ಹೂಂ.

"ನೀನು ಕಾನೂನಿನ ಪ್ರಕಾರ ಕ್ಯೂನಲ್ಲಿ ನಿಂತು ಬಂದವನು, ಅದು ನನಗೆ ಇಷ್ಟ" ಎನ್ನುವರು. ಆಗಲೂ ಹೂಂ. ಒಂದೇ ದೇಶದಲ್ಲಿ ಹುಟ್ಟಿದವರಿಗೆ, ಕೆಲಸದ ಮೇಲೆ ಕೊಡುವ ವರ್ಷದ ಗ್ರೀನ್ ಕಾರ್ಡಿನಲ್ಲಿ ಸಾಮಾನ್ಯವಾಗಿ 7 ಪರ್ಸೆಂಟ್ ಮೀರಿ ಕೊಡಬಾರದು ಅನ್ನುವ ಲೆಕ್ಕದಲ್ಲಿ ನಮ್ಮ ಕ್ಯೂ ಎಷ್ಟು ಉದ್ದ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಲೂ ಇಲ್ಲ.

ದೊಡ್ಡವರು, ನೆರೆಯವರು, ಹಿಮ ಎತ್ತಿದವರು. ಎದುರು ಮಾತು ಹೇಗೆ ಆಡುವುದು? ನಮ್ಮ ದಾಕ್ಷಿಣ್ಯ ನಿನಗೆ ಬಿಡಿಸಿ ಹೇಳಬೇಕಿಲ್ಲ.

2010ರ ಚುನಾವಣೆಗೆ ಮುಂಚೆ ಲೆವಿ ಬಂತು, ಅಂದರೆ ಸ್ಕೂಲಿಗೆ ತೆರಿಗೆ ಏರಿಸುವ ಪ್ರಸ್ತಾಪ. ಓಹಾಯೋದಲ್ಲಿ ಸ್ಕೂಲಿಗಾಗಿ ಆಸ್ತಿ ತೆರಿಗೆ ಏರಿಸಲು ಸಾಮಾನ್ಯವಾಗಿ ಊರವರ ವೋಟು ಬೇಕು. ಪೆನ್ಷನ್ ಏರುವುದಿಲ್ಲ, ತೆರಿಗೆ ಮಾತ್ರ ಏರುತ್ತದೆ ಅನ್ನುವುದು ಪಕ್ಕದ ಮನೆಯವರ ಸಂಕಟ, ಅದು ಸುಳ್ಳೂ ಅಲ್ಲ. "ಲೆವಿ ಬೇಡ" ಅನ್ನುವ ಎರಡು ಬೋರ್ಡು ತಂದರು. ಒಂದು ಅವರ ಹುಲ್ಲಿನಲ್ಲಿ ನೆಟ್ಟರು. "ನಿನಗೂ ಇದೇ ಅಭಿಪ್ರಾಯ ಅಲ್ಲವಾ?" ಎಂದರು. ಹೂಂ ಅಂದೆ. ಇನ್ನೊಂದು ನಮ್ಮ ಹುಲ್ಲಿನಲ್ಲಿ ನಿಂತಿತು. ದಾಕ್ಷಿಣ್ಯಕ್ಕೆ ಬಸಿರಾದ ಹಾಗಾಯಿತು ನೋಡು. ನನಗೆ ವೋಟೇ ಇಲ್ಲ, ಮಗಳು ಅದೇ ಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಲೆವಿ ವೋಟಿನಲ್ಲಿ ಸೋತರೆ ಮೊದಲು ಹೋಗುವುದು ಬ್ಯಾಂಡು ಅಂತ ಮಕ್ಕಳಲ್ಲೆಲ್ಲ ಮಾತು. ಬಸ್ಸಿನಲ್ಲಿ ಯಾರೋ ಆಡಿಕೊಂಡರಂತೆ. ಅಳುತ್ತಾ ಬಂದವಳು ನನ್ನ ಜೊತೆ ಮಾತಾಡಲಿಲ್ಲ.

ಬೋರ್ಡು ಕಿತ್ತು ಕೈಯಲ್ಲಿ ಹಿಡಿದು ಅವರ ಗ್ಯಾರೇಜಿಗೆ ಹೋದೆ. ಲೆವಿ ಬಗ್ಗೆ ಹೇಳಲು ಹೋದವನು ಆರು ವರ್ಷದ್ದನ್ನೆಲ್ಲ ಕಕ್ಕಿಬಿಟ್ಟೆ. ಕೂಲಿಡ್ಜ್ ಪ್ರಮಾಣ ತಗೊಂಡ ಅದೇ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಕೇಸಿನಲ್ಲಿ, ನಮ್ಮವರು ಬಿಳಿಯರಲ್ಲ, ಸಿಟಿಜನ್ ಆಗುವಂತಿಲ್ಲ ಎಂದಿತು. 1917ರ ವಲಸೆ ಕಾಯ್ದೆ ಆಗಲೇ ನಮಗೆ ಬಾಗಿಲು ಹಾಕಿತ್ತು. 1924ರಲ್ಲಿ ಇನ್ನೊಂದು ವಲಸೆ ಕಾಯ್ದೆಗೆ ಕೂಲಿಡ್ಜ್ ಸಹಿ ಹಾಕಿ ಅಗುಳಿಯನ್ನೂ ಜಡಿದರು. 1946ರಲ್ಲಿ ತೆರೆದಾಗಲೂ ವರ್ಷಕ್ಕೆ ಬರೀ 100 ಜನಕ್ಕೆ. "ನಿಮ್ಮ ಕೂಲಿಡ್ಜ್ ಕಾಲದಲ್ಲಾಗಿದ್ದರೆ ನಾನು ನಿಮ್ಮ ಪಕ್ಕದ ಮನೆಗೆ ಬರುವುದಿರಲಿ, ಹಡಗು ಇಳಿಯುತ್ತಿರಲಿಲ್ಲ" ಎಂದೆ.

ಕೈಯಲ್ಲಿದ್ದ ಅರ (ಅದೇ, ಉಜ್ಜುವ ಅರ) ಕೆಳಗಿಟ್ಟರು. ಕೂಗಾಡುತ್ತಾರೆ ಅಂದುಕೊಂಡೆ. "1924ರದು ನನಗೆ ಗೊತ್ತಿತ್ತು. ನಿನಗೆ ಗೊತ್ತಿದೆ ಅಂತ ಗೊತ್ತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆರು ವರ್ಷ ನಾನು ಒಬ್ಬನೇ ಮಾತಾಡುತ್ತಿದ್ದೆನಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮರ್ಯಾದೆ ಅಂದುಕೊಂಡದ್ದು ಅವರಿಗೆ ಸುಳ್ಳಾಗಿ ಕಂಡಿತ್ತು. ಮೂರು ವಾರ ಈ ಕಡೆ ಬರಲಿಲ್ಲ. ಹಿಮ ಬಿದ್ದ ದಿನ ಮಾತ್ರ ನಾನು ಏಳುವಷ್ಟರಲ್ಲಿ ಮನೆ ಮುಂದೆ ಕ್ಲೀನಾಗಿತ್ತು. ಆಮೇಲೆ ಒಂದೂವರೆ ವರ್ಷ ಚೆನ್ನಾಗಿ ಜಗಳವಾಡಿದೆವು. ಬಂದೂಕು, ತೆರಿಗೆ, ಕ್ಯೂ, ಒಂದನ್ನೂ ಬಿಡಲಿಲ್ಲ. ಇಬ್ಬರೂ ಬದಲಾಗಲಿಲ್ಲ. ಅಷ್ಟರಲ್ಲಿ ಅವರು ಟೆನೆಸಿಗೆ, ಮಗಳ ಮನೆಗೆ ಹೊರಟುಬಿಟ್ಟರು.

ಜುಲೈ 4 ಇಲ್ಲಿನ ಸ್ವಾತಂತ್ರ್ಯ ದಿನ, ಕೂಲಿಡ್ಜ್ ಹುಟ್ಟಿದ ದಿನವೂ ಹೌದು. ಪ್ರತಿ ವರ್ಷ ಅವತ್ತು ತಪ್ಪದೆ ಫೋನ್ ಮಾಡುತ್ತಾರೆ. ಈಗ ಕಿವಿ ಮಂದ. ಬೇಲಿ ಪಕ್ಕ ನಿಂತು ಮೆಲ್ಲಗೆ ಹೇಳಬಹುದಾಗಿದ್ದನ್ನು ಈಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತೇನೆ. "ಏನಂದೆ?" ಎನ್ನುತ್ತಾರೆ. ಇನ್ನೊಮ್ಮೆ ಕೂಗುತ್ತೇನೆ.