ಕುಮಟಾ ಹತ್ತಿರ 3 ಎಕರೆ ಗಜನಿ ಹಾಳುಬಿದ್ದಿದೆ. ಕಾಂಡ್ಲಾ ಕಡಿಸಿ ಸಿಗಡಿ ಹೊಂಡ ಮಾಡಲೇ, ಮಾರಿಬಿಡಲೇ?

ಅಜ್ಜನ ಕಾಲದ ಗಜನಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ), ಹತ್ತು ವರ್ಷದಿಂದ ಬಿತ್ತಿಲ್ಲ, ಹೊಳೆ ಬದಿಗೆಲ್ಲ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಎದ್ದಿದೆ, ಬೆಂಗಳೂರಲ್ಲಿ ಕೂತು ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಇದೇ ಪ್ರಶ್ನೆ ಹೊತ್ತು ತಿರುಗಿದ್ದು 1994ರಲ್ಲಿ. ಆಗ ಕೇಳಲು ಇಂಥ ಜಾಗ ಇರಲಿಲ್ಲ. ಕೇಳಬೇಕಾದವರು ಪಕ್ಕದಲ್ಲೇ ಇದ್ದರು, ಅವರನ್ನು ಕೇಳಲಿಲ್ಲ.

ನಮ್ಮೂರು ಅಘನಾಶಿನಿ ಅಳಿವೆಯ ದಂಡೆಗಿದೆ. ಶಿರಸಿ ಕಡೆ ಹುಟ್ಟಿ ದಾರಿಯಲ್ಲಿ ಒಂದೂ ಅಣೆಕಟ್ಟು ಕಾಣದೆ ಸಮುದ್ರಕ್ಕೆ ಬರುವ ಹೊಳೆ ಅದು. ನಮ್ಮ ಗಜನಿಯಲ್ಲಿ 28 ಮನೆಗಳ ಪಾಲು, ಸುತ್ತ ಒಂದೇ ಕಟ್ಟೆ, ಕಟ್ಟೆಗೆ ಮರದ ಹಲಗೆಯ ತೂಬು. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಉಪ್ಪು ತಾಳುವ ನಮ್ಮ ಕಗ್ಗ ಭತ್ತದ ಬೀಜಕ್ಕೆ ಮೊಳಕೆ ಬರಿಸಿ ಎರಚುವುದು. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಮುಗಿದ ಮೇಲೆ ತೂಬು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುವುದು. ಆ ನೀರಿನ ಜೊತೆ ಶೆಟ್ಲಿ (ಸಿಗಡಿ) ಮರಿ, ನೋಗ್ಲಿ ಮೀನು, ಏಡಿ ಎಲ್ಲ ತಾವಾಗಿಯೇ ಬರುತ್ತಿದ್ದವು, ಕಗ್ಗದ ಕೂಳೆ ಕೊಳೆತದ್ದನ್ನು ತಿಂದು ಬೆಳೆಯುತ್ತಿದ್ದವು. ಹುಣ್ಣಿಮೆ ಅಮಾವಾಸ್ಯೆಯ ಇಳಿತಕ್ಕೆ ತೂಬಿನ ಬಾಯಿಗೆ ಬಲೆ ಕಟ್ಟುತ್ತಿದ್ದರು. ಅಕ್ಕಿಯೂ ಅದೇ ಗದ್ದೆಯದು, ಮೀನೂ ಅದೇ ಗದ್ದೆಯದು.

ನನಗೆ ಆಗ 26. ಡಿಗ್ರಿ ಆಗಿತ್ತು, ಕೆಲಸ ಇರಲಿಲ್ಲ. ಕರಾವಳಿಯಲ್ಲೆಲ್ಲ ಹುಲಿ ಸಿಗಡಿಯದೇ ಮಾತು, ಒಂದು ಬೆಳೆಗೆ ಮನೆ ಕಟ್ಟಿದರಂತೆ, ಜೀಪು ತಂದರಂತೆ. ಅಪ್ಪನ ಪಾಲಿನ ಗದ್ದೆ ಕಟ್ಟೆಗೆ ತಾಗಿಯೇ ಇತ್ತು. ಅಲ್ಲಿ ಎರಡು ಹೊಂಡ ತೋಡಿಸಲು ಬ್ಯಾಂಕಿನ ಸಾಲ ತೆಗೆದೆ. ಅಪ್ಪನಿಗೆ ಮನಸ್ಸಿರಲಿಲ್ಲ, ಮಗ ಮನೆಯಲ್ಲೇ ಉಳಿಯುತ್ತಾನಲ್ಲ ಎಂದು ಸಹಿ ಹಾಕಿದರು.

ಇಲ್ಲಿಯವರೆಗಿನದನ್ನು ನಾನು ತಪ್ಪು ಎನ್ನುವುದಿಲ್ಲ. ತಪ್ಪು ಮಾಡಿದ್ದು ಆಮೇಲೆ. ಅದನ್ನು ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ. ನೀವು ಮಾಡಲು ಹೊರಟಿರುವುದೂ ಅದನ್ನೇ.

ನನ್ನ ಹೊಂಡಗಳ ನೇರಕ್ಕೆ, ಕಟ್ಟೆಯ ಹೊರಗೆ, ಹೊಳೆ ಮತ್ತು ಕಟ್ಟೆಯ ನಡುವೆ ಕಾಂಡ್ಲಾದ ಒಂದು ಪಟ್ಟಿ ಇತ್ತು. ಅಗಲ ಇಪ್ಪತ್ತು ಹೆಜ್ಜೆ ಇರಬಹುದು, ಉದ್ದ ನೂರು ಮಾರು. ಅದು ನನ್ನ ಜಾಗ ಅಲ್ಲ, ಆದರೆ ನನ್ನ ಎದುರಿಗಿತ್ತು. ಪಂಪಿನ ಪೈಪು ಹೊಳೆಗೆ ಇಳಿಸಲು ಅಡ್ಡ. ಅದರೊಳಗೆ ಏಡಿ, ಏಡಿ ಬಂದು ಕಟ್ಟೆಗೆ ತೂತು ಕೊರೆಯುತ್ತದೆ ಎಂಬ ಹೆದರಿಕೆ. ಕೊಂಬೆಯ ಮೇಲೆ ನೀರುಕಾಗೆಗಳ ಸಾಲು, ಅವು ನನ್ನ ಸಿಗಡಿ ತಿನ್ನುತ್ತವೆ ಎಂಬ ಲೆಕ್ಕ. 1994ರ ನವೆಂಬರ್‌ನಲ್ಲಿ ಆರು ಆಳು ಹಚ್ಚಿ ನಾಲ್ಕು ದಿನದಲ್ಲಿ ಕಡಿಸಿದೆ. ಕಾಂಡ್ಲಾದ ಕಾಲುಬೇರಿಗೆ ಕತ್ತಿ ಬಿದ್ದರೆ ಒಳಗೆ ಕೆಂಪು. ಇಳಿತದ ಹೊತ್ತಲ್ಲಿ ಆ ಕೆಂಪು ಚೂರುಗಳು ಕಪ್ಪು ಕೆಸರಿನ ಮೇಲೆ ಹರಡಿ ಬಿದ್ದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಳಚು (ಕೆಸರಲ್ಲಿ ಸಿಗುವ ಚಿಪ್ಪುಮೀನು) ತೆಗೆಯಲು ಬರುತ್ತಿದ್ದ ಒಬ್ಬ ಅಜ್ಜಿ ಸೊಂಟಮಟ್ಟ ನೀರಲ್ಲಿ ನಿಂತು ನೋಡುತ್ತಿದ್ದರು. ಮೂರನೇ ದಿನ ದಂಡೆಗೆ ಬಂದು, "ತಮಾ, ಒಳಗಿಂದ ಎಷ್ಟಾದ್ರೂ ತೋಡು. ಹೊಳೆ ಬದಿದು ಬಿಡು. ಕಟ್ಟೆ ನಿಲ್ಲೂದಿಲ್ಲ" ಅಂದರು. ಕಟ್ಟೆ ನಿಲ್ಲುವುದು ಮಣ್ಣಿಂದ, ಗಿಡದಿಂದಲ್ಲ ಎಂದು ನಾನು ಉತ್ತರ ಕೊಟ್ಟೆ.

ಮೊದಲ ಬೆಳೆಗೆ ಒಳ್ಳೆಯ ದುಡ್ಡು ಬಂತು. 1995ರ ಮಳೆಗಾಲಕ್ಕೆ ಕಟ್ಟೆಗೆ ಏನೂ ಆಗಲಿಲ್ಲ. ನನ್ನನ್ನು ಹಾಳು ಮಾಡಿದ್ದು ಆ ಏನೂ ಆಗದ ವರ್ಷ. ಕಾಂಡ್ಲಾ ಕಡಿದರೂ ಅದರ ಬೇರು ಕೆಸರೊಳಗೆ ಕೂಡಲೇ ಸಾಯುವುದಿಲ್ಲ, ಸತ್ತರೂ ಕೂಡಲೇ ಕೊಳೆಯುವುದಿಲ್ಲ. ಒಂದು ವರ್ಷ, ಒಂದೂವರೆ ವರ್ಷ ಹಗ್ಗದ ಹಾಗೆ ಮಣ್ಣು ಹಿಡಿದುಕೊಂಡೇ ಇರುತ್ತದೆ. ನಾನು ಅದನ್ನು ನನ್ನ ಕಟ್ಟೆಯ ಗಟ್ಟಿತನ ಎಂದುಕೊಂಡೆ.

1996ರಲ್ಲಿ ಮೊದಲು ಬಂದದ್ದು ಬಿಳಿ ಚುಕ್ಕೆ ರೋಗ. ಹಿಂದಿನ ಒಂದೆರಡು ವರ್ಷದಿಂದ ದೇಶದ ಕರಾವಳಿಯಲ್ಲಿ ಸುತ್ತುತ್ತಿದ್ದದ್ದು ನಮ್ಮಲ್ಲಿಗೂ ಬಂತು. ಬೆಳಿಗ್ಗೆ ನೋಡಿದರೆ ಸಿಗಡಿಗಳು ಹೊಂಡದ ಅಂಚಿಗೆ ಬಂದು ನಿಧಾನಕ್ಕೆ ತೇಲುತ್ತಿದ್ದವು, ಚಿಪ್ಪಿನ ಮೇಲೆ ಬಿಳಿ ಕಲೆ. ವಾರದೊಳಗೆ ಎರಡೂ ಹೊಂಡ ಖಾಲಿ. ಊರಲ್ಲಿ ಇವತ್ತಿಗೂ ನಾನು ರೋಗದಿಂದ ಸೋತೆ ಎಂದೇ ಹೇಳುತ್ತಾರೆ. ಅಲ್ಲ. ರೋಗದಿಂದ ಹೋದದ್ದು ಒಂದು ಬೆಳೆ. ಅದು ಸಾಲ, ಸಾಲ ತೀರುತ್ತದೆ.

ಆಗಸ್ಟ್‌ನ ಅಮಾವಾಸ್ಯೆಯ ಉಬ್ಬರದ ರಾತ್ರಿ ಕಟ್ಟೆ ಒಡೆಯಿತು. ಒಡೆದದ್ದು ಸರಿಯಾಗಿ ನಾನು ಕಡಿಸಿದ ಆ ನೂರು ಮಾರಿನ ಒಳಗೆ. ಎರಡೂ ಬದಿಗೆ ಕಾಂಡ್ಲಾ ಇದ್ದ ಕಡೆ ಕಟ್ಟೆ ಹಾಗೇ ನಿಂತಿತ್ತು.

ಆ ಪಟ್ಟಿ ಏನು ಮಾಡುತ್ತಿತ್ತು ಎಂದು ಕೇಳಿ. ಅಳಿವೆಯಲ್ಲಿ ಗಾಳಿಗೆ ಏಳುವ ಅಲೆ ದೊಡ್ಡದಲ್ಲ, ಮೊಣಕಾಲೆತ್ತರ. ಆದರೆ ಮಳೆಗಾಲದ ಮೂರು ತಿಂಗಳು ಬಿಡದೆ ಬಡಿಯುತ್ತದೆ. ಕಾಂಡ್ಲಾದ ಬೇರುಗಳ ನಡುವೆ ಹೊಕ್ಕ ನೀರಿನ ರಭಸ ಅಲ್ಲೇ ಒಡೆಯುತ್ತದೆ. ರಭಸ ಕಳೆದುಕೊಂಡ ನೀರು ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ. ಅಂದರೆ ನಮ್ಮ ಕಟ್ಟೆಯ ಬುಡಕ್ಕೆ ಹೊಳೆಯೇ ವರ್ಷಾ ವರ್ಷಾ ಮಣ್ಣು ತಂದು ಹಾಕುತ್ತಿತ್ತು, ಆಳು ಇಲ್ಲದೆ, ಕೂಲಿ ಇಲ್ಲದೆ. ಗಿಡ ಹೋದ ಮೇಲೆ ಅದೇ ಹೊಳೆ ಅದೇ ಬುಡದಿಂದ ಮಣ್ಣು ತೆಗೆಯಲು ಶುರು ಮಾಡಿತು. ಮೇಲಿಂದ ನೋಡಿದರೆ ಕಟ್ಟೆ ಇದ್ದ ಹಾಗೇ ಇತ್ತು, ಕೆಳಗೆ ಪೊಳ್ಳಾಗಿತ್ತು. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಚಂಡಮಾರುತ ಬಡಿದಾಗ ಕಾಂಡ್ಲಾ ದಟ್ಟವಾಗಿ ಉಳಿದ ಹಳ್ಳಿಗಳಲ್ಲಿ ಸಾವು ಕಡಿಮೆ ಆಯಿತು ಎಂದು ಎಷ್ಟೋ ವರ್ಷದ ಮೇಲೆ ಓದಿದಾಗ, ನನ್ನ ನೂರು ಮಾರು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು. ಹೊಂಡದ ಏರಿ ಎತ್ತರಿಸಲು ನಾನು ಕಾಂಡ್ಲಾ ಕಿತ್ತ ಜಾಗದ ಕಪ್ಪು ಮಣ್ಣನ್ನೇ ಹಾಕಿಸಿದ್ದೆ. ಕೊಳೆತ ಮೊಟ್ಟೆಯ ವಾಸನೆಯ ಆ ಕೆಸರಿನಲ್ಲಿ ಗಂಧಕವೂ ಕಬ್ಬಿಣವೂ ಸೇರಿ ಕೂತಿರುತ್ತವೆ. ನೀರೊಳಗೆ, ಗಾಳಿ ತಾಗದೆ ಇರುವವರೆಗೆ ತೊಂದರೆ ಇಲ್ಲ. ತೆಗೆದು ಬಿಸಿಲಿಗೆ ಹಾಕಿದರೆ ಅದು ಗಂಧಕಾಮ್ಲ ಆಗುತ್ತದೆ. ಮೊದಲ ಮಳೆಗೆ ಏರಿಯಿಂದ ತುಕ್ಕಿನ ಬಣ್ಣದ ನೀರು ಹೊಂಡಕ್ಕೆ ಇಳಿಯಿತು, ಸಿಗಡಿಗಳ ಚಿಪ್ಪು ಮೆತ್ತಗಾಯಿತು. ಚೀಲ ಚೀಲ ಸುಣ್ಣ ಸುರಿದೆ. ಕಾಂಡ್ಲಾ ಬೆಳೆದ ನೆಲ ಫಲವತ್ತು ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅದು ಒದ್ದೆ ಇರುವಷ್ಟು ಕಾಲ ಮಾತ್ರ ನಿಜ.

ಆದರೆ ನನಗೆ ತಲೆ ಎತ್ತಲಾಗದ ಹಾಗೆ ಮಾಡಿದ್ದು ಉಳಿದ 27 ಮನೆಗಳ ಕಗ್ಗ. ಕಟ್ಟೆ ಒಡೆದ ದಿನ ಪೈರು ಸಾಯಲಿಲ್ಲ. ಮಳೆಗಾಲದಲ್ಲಿ ಹೊಳೆಯ ನೀರು ಸಪ್ಪೆ, ಕಗ್ಗವೂ ಗಟ್ಟಿ ಜಾತಿ, ಕೆಲವು ದಿನ ಮುಳುಗಿದರೂ ಏಳುತ್ತದೆ. ಆ ಮಳೆಯಲ್ಲಿ ಒಡಕು ಮುಚ್ಚಲು ಎಲ್ಲ ಸೇರಿ ಎರಡು ಸಲ ನೋಡಿದೆವು, ಎರಡು ಸಲವೂ ಕೊಚ್ಚಿ ಹೋಯಿತು, ಬುಡವೇ ಇರಲಿಲ್ಲವಲ್ಲ. ಸೆಪ್ಟೆಂಬರ್‌ನಲ್ಲಿ ಮಳೆ ತಗ್ಗಿತು. ಹೊಳೆಗೆ ಉಪ್ಪು ಏರುವುದೂ ಆಗಲೇ, ಕಗ್ಗ ಹೊಡೆ ಒಡೆಯುವುದೂ ಆಗಲೇ. ದಿನಕ್ಕೆ ಎರಡು ಉಬ್ಬರ ಒಳಗೆ ಬಂದು ಹೋಯಿತು. ಅಕ್ಟೋಬರ್‌ನಲ್ಲಿ ತೆನೆ ಹಿಡಿದು ತಿಕ್ಕಿದರೆ ಕೈಯಲ್ಲಿ ಬರೀ ಜೊಳ್ಳು. ಒಂದು ವರ್ಷದ ಅಕ್ಕಿ ಹೋಯಿತು, ಅದರ ಜೊತೆ ಮುಂದಿನ ವರ್ಷದ ಬೀಜವೂ ಹೋಯಿತು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯ ಕಣಜದಲ್ಲೇ ಇರಬೇಕು. ಯಾರೂ ನನ್ನ ಮನೆಗೆ ಬಂದು ಬೈಯಲಿಲ್ಲ. ಅಪ್ಪ ಆ ವರ್ಷ ಬಂಡಿಹಬ್ಬಕ್ಕೂ ಹೋಗಲಿಲ್ಲ.

ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ರೀತಿಯದನ್ನು ಬಿಟ್ಟು ಬೇರೆ ಸಿಗಡಿ ಹೊಂಡ ಇರಬಾರದು ಎಂದಿತು. ನನ್ನದು ಆ ಹೊತ್ತಿಗೆ ಹೊಳೆಯ ಪಾಲಾಗಿತ್ತು. ಅಮ್ಮನ ಬಂಗಾರ, ತೆಂಗಿನ ತೋಟದ ಒಂದು ತುಂಡು ಮಾರಿ ಸಾಲ ತೀರಿಸಲು ಒಂಬತ್ತು ವರ್ಷ ಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ. "ಹಾಳುಬಿದ್ದಿದೆ" ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನೀವು ಬಿತ್ತಿಲ್ಲ, ಅಷ್ಟೇ. ಆ ಮೂರು ಎಕರೆ ಹತ್ತು ವರ್ಷವೂ ಕೆಲಸ ಮಾಡಿದೆ. ಶೆಟ್ಲಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಕೂದಲೆಳೆಯಷ್ಟಿದ್ದಾಗ ಉಬ್ಬರದ ನೀರಿನ ಜೊತೆ ಅಳಿವೆಗೆ ಬರುತ್ತವೆ, ಕಾಂಡ್ಲಾದ ಬೇರಿನ ಸಂದಿಯಲ್ಲಿ, ದೊಡ್ಡ ಮೀನಿನ ಬಾಯಿಗೆ ಸಿಗದೆ ಬೆಳೆಯುತ್ತವೆ, ಬೆಳೆದು ಸಮುದ್ರಕ್ಕೆ ಮರಳುತ್ತವೆ. ಉದುರಿದ ಎಲೆಯನ್ನು ಏಡಿ ತಿನ್ನುತ್ತದೆ, ಉಳಿದದ್ದು ಕೊಳೆಯುತ್ತದೆ, ಕೊಳೆತದ್ದನ್ನು ಮರಿಗಳು ತಿನ್ನುತ್ತವೆ. ಹೊರಗೆ ಕಡಲಲ್ಲಿ ದೋಣಿಯವರಿಗೆ ಸಿಗುವ ಶೆಟ್ಲಿ, ಎಷ್ಟೋ ಜಾತಿಯ ಮೀನು ಇಂಥ ಕೆಸರಲ್ಲಿ ಬಾಲ್ಯ ಕಳೆದವು. ನಿಮ್ಮ ಎಕರೆಯ ಲೆಕ್ಕ ಬರೆಯುವಾಗ ಅವರ ಬಲೆಯನ್ನೂ ಬರೆಯಬೇಕು. 2021ರ ಅರಣ್ಯ ಸಮೀಕ್ಷೆಯ ಪ್ರಕಾರ ಇಡೀ ಕರ್ನಾಟಕದ ಕರಾವಳಿಗೆ ಕಾಂಡ್ಲಾ ಇರುವುದು 13 ಚದರ ಕಿಲೋಮೀಟರ್. ಕಾರವಾರದಿಂದ ಉಳ್ಳಾಲದವರೆಗೆ ಸೇರಿಸಿ ಅಷ್ಟೇ. ಅದರಲ್ಲಿ ಒಂದು ಚೂರು ನಿಮ್ಮ ಕಟ್ಟೆಯ ಹೊರಗಿದೆ.

ಅದನ್ನು ಕಡಿಯುವುದು ಕಾನೂನಿನಲ್ಲೂ ಆಗುವುದಿಲ್ಲ. ಕಾಂಡ್ಲಾ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ಮೊದಲ ವರ್ಗಕ್ಕೆ ಸೇರುತ್ತದೆ, ಪಹಣಿಯಲ್ಲಿ ಯಾರ ಹೆಸರಿದ್ದರೂ. ಸಿಗಡಿ ಹೊಂಡಕ್ಕೆ 2005ರ ಕಾಯ್ದೆಯ ಪ್ರಕಾರ ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ನೋಂದಣಿ ಬೇಕು, ಕಾಂಡ್ಲಾ ಕಡಿದ ಜಾಗಕ್ಕೆ ಅದು ಸಿಗುವುದಿಲ್ಲ. ಅಘನಾಶಿನಿ ಅಳಿವೆಯ 4801 ಹೆಕ್ಟೇರ್, ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿದ್ದನ್ನು 2024ರ ಜನವರಿ ಕೊನೆಗೆ ಪ್ರಕಟಿಸಿದರು. ನಿಮ್ಮ ಗಜನಿ ಈ ಹೊಳೆಯ ಬದಿಗೇ ಇದ್ದರೆ ಅದನ್ನೂ ನೋಡಿಕೊಳ್ಳಿ. ಸಿಗಡಿ ಕೃಷಿಯೇ ಬೇಡ ಎನ್ನುತ್ತಿಲ್ಲ. ಕಾಂಡ್ಲಾ ಇಲ್ಲದ ಎತ್ತರದ ಜಾಗದಲ್ಲಿ, ನೋಂದಣಿ ಮಾಡಿಸಿ, ಊರಲ್ಲೇ ಇದ್ದು ನೋಡಿಕೊಳ್ಳುವವರು ಮಾಡಲಿ. ಬೆಂಗಳೂರಿಂದ ಫೋನಲ್ಲಿ ಆಗುವ ಕೆಲಸ ಅಲ್ಲ. ವನಾಮಿ ಎಂಬ ಸಿಗಡಿ ಜಾತಿಗೆ ಬಿಳಿ ಚುಕ್ಕೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೂ ಬರುತ್ತದೆ.

ಮಾರುವುದೂ ಬೇಡ ಎಂದೇ ನನ್ನ ಮಾತು. ಹಣದ ತೀರಾ ಅಗತ್ಯ ಇದ್ದರೆ ಗಜನಿಯ ಪಾಲುದಾರರಿಗೇ ಕೊಡಿ. ಹೊರಗಿನವರು ಕೊಂಡರೆ ಮೊದಲು ಕಡಿಸುವುದು ಕಾಂಡ್ಲಾವನ್ನೇ, ನಾನು ಊರವನಾಗಿಯೇ ಕಡಿಸಿದೆ.

ನಾನು ಮತ್ತೆ ನೆಟ್ಟದ್ದು 2003ರಿಂದ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ನುಗ್ಗೆಕೋಡಿನ ಹಾಗೆ ನೇತಾಡುತ್ತದೆ. ಮಳೆಗಾಲದಲ್ಲಿ ಅದನ್ನು ಆರಿಸಿ ತಂದು, ಇಳಿತದ ಹೊತ್ತು ಕೆಸರಿಗೆ ಮೂರನೇ ಒಂದು ಭಾಗ ಚುಚ್ಚುವುದು. ಮೊದಲ ವರ್ಷದ್ದನ್ನು ಏಡಿ ತಿಂದಿತು, ಎರಡನೇ ವರ್ಷದ್ದು ಕೊಚ್ಚಿ ಹೋಯಿತು. ಮೂರನೇ ವರ್ಷ ಅದೇ ಅಜ್ಜಿಯ ಮೊಮ್ಮಗಳು ಬಂದು, ದಂಡೆಗೆ ಹತ್ತಿರ ಮೊದಲು ನೆಟ್ಟು ಅದು ಹಿಡಿದ ಮೇಲೆ ಹೊಳೆ ಕಡೆಗೆ ಹೋಗಬೇಕು ಎಂದು ತೋರಿಸಿಕೊಟ್ಟಳು. ಹಾಗೆ ಮಾಡಿದ ಮೇಲೆ ನಿಂತಿತು. ಕಾಲುಬೇರು ನೀರಿಗೆ ಇಳಿಯಲು ಐದಾರು ವರ್ಷ ಹಿಡಿಯಿತು. ಅಜ್ಜಿ ಅಷ್ಟರೊಳಗೆ ತೀರಿಕೊಂಡಿದ್ದರು, ಅವರಿಗೆ ತೋರಿಸಲು ಆಗಲಿಲ್ಲ. ಈಗ ಇಳಿತಕ್ಕೆ ಹೆಂಗಸರು ಬುಟ್ಟಿ ಹಿಡಿದು ಆ ಬದಿಗೆ ಬಳಚಿಗೆ ಬರುತ್ತಾರೆ. ಒಡಕಿನ ಜಾಗದಲ್ಲಿ ಕಟ್ಟೆ ಈಗ ಬೇರೆ ಕಡೆಗಿಂತ ಅಗಲ.

ನೀವು ಬರುವ ಅಮಾವಾಸ್ಯೆಗೆ ಊರಿಗೆ ಹೋಗಿ. ಇಳಿತ ಶುರುವಾಗುವಾಗ ತೂಬಿನ ಹತ್ತಿರ ಅರ್ಧ ಗಂಟೆ ನಿಲ್ಲಿ, ನೀರಿನ ಜೊತೆ ಏನೇನು ಹೊರಗೆ ಹೋಗುತ್ತದೆ ನೋಡಿ. ನಿಮ್ಮ ಗಜನಿಯಲ್ಲಿ ಎಷ್ಟು ಮನೆಗಳ ಪಾಲಿದೆ, ಈಗಲೂ ಕಗ್ಗ ಬಿತ್ತುವವರು ಯಾರಿದ್ದಾರೆ ಎಂದು ವಿಚಾರಿಸಿ. ಬೀಜ ಬೇಕಾದರೆ ಇಲ್ಲೇ ಕೆಳಗೆ ಬರೆಯಿರಿ. ನಮ್ಮ ಕಣಜದಲ್ಲಿ ಎರಡು ಮೂಟೆ ಇದೆ, ಬಿತ್ತುವ ಮೊದಲು ಕೇಳಿದರೆ ಒಂದನ್ನು ನಿಮಗೆ ಎತ್ತಿಡುತ್ತೇನೆ.