ಪಟ್ಟಿಯಲ್ಲಿ ಒಂದು ಹೆಸರೂ ಗೊತ್ತಿಲ್ಲ, ಆಫ್ ಫೆಸ್ಟಿವಲ್‌ಗೆ ಟಿಕೆಟ್ ತಗೋಬಹುದಾ?

ನೀವು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಓದ್ತಿದ್ದೀರಿ. ಇಲ್ಲಿನ ಕಟೊವಿತ್ಸೆ ಊರಲ್ಲಿ ನಡೆಯೋ ಸಂಗೀತ ಹಬ್ಬ ಆಫ್ ಫೆಸ್ಟಿವಲ್‌ಗೆ ಇನ್ನಷ್ಟು ವಿದೇಶಿ ಬ್ಯಾಂಡ್‌ಗಳೂ ಪೋಲಿಷ್ ಬ್ಯಾಂಡ್‌ಗಳೂ ಸೇರಿವೆ ಅಂತ ಹೊಸ ಪಟ್ಟಿ ನೋಡಿದ್ದೀರಿ. ಒಂದು ಹೆಸರೂ ಗೊತ್ತಿಲ್ಲ, ದುಡ್ಡು ಕೊಟ್ಟು ಹೋಗಬಹುದಾ, ಹೆಸರುಗಳನ್ನು ಯಾಕೆ ಹೀಗೆ ಕಂತು ಕಂತಾಗಿ ಬಿಡ್ತಾರೆ ಅಂತ ಕೇಳಿದ್ದೀರಿ. ಹೋಗಿ. ಖಂಡಿತ ಹೋಗಿ. ಹೆಸರು ಗೊತ್ತಿಲ್ಲದವರಿಗೇ ಈ ಹಬ್ಬದಲ್ಲಿ ಸಿಗೋದು ಜಾಸ್ತಿ.

ನಾನು ದಾವಣಗೆರೆಯವನು, ಕ್ರಾಕುಫ್‌ನಲ್ಲಿ ಸಾಫ್ಟ್‌ವೇರ್ ಕೆಲಸ. 2019ರಲ್ಲಿ ಆಫೀಸಿನ ಗೆಳೆಯರ ಜೊತೆ ಮೊದಲ ಸಲ ಹೋದೆ. ಆ ವರ್ಷ ಇಂಗ್ಲೆಂಡಿನ ಫೋಲ್ಸ್, ಸ್ವೇಡ್ ಬಂದಿದ್ದರು. ಗೆಳೆಯರು ಅವರಿಗಾಗಿ ಹೊರಟಿದ್ದರು, ನಾನು ಗೆಳೆಯರಿಗಾಗಿ ಹೊರಟಿದ್ದೆ. ಅದಾದ ಮೇಲೆ ಹಬ್ಬ ನಡೆದ ಯಾವ ವರ್ಷವನ್ನೂ ನಾನು ಬಿಟ್ಟಿಲ್ಲ.

ಈ ಹಬ್ಬ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ, ಆಗ ಪಟ್ಟಿ ಓದೋದು ಸುಲಭ. ಇದನ್ನು ಕಟ್ಟಿದವರು ಆರ್ತುರ್ ರೋಯೆಕ್. ಮಿಸ್ಲೊವಿಟ್ಸ್ ಅನ್ನೋ ಬ್ಯಾಂಡಿನಲ್ಲಿ ಹಾಡುತ್ತಿದ್ದರು, 2012ರಲ್ಲಿ ಅದನ್ನು ಬಿಟ್ಟರು. ಹಬ್ಬ ಶುರುವಾಗಿದ್ದು 2006ರಲ್ಲಿ, ಅವರ ಸ್ವಂತ ಊರು ಮಿಸ್ವೊವಿತ್ಸೆಯಲ್ಲಿ. 2010ರಿಂದ ಪಕ್ಕದ ಕಟೊವಿತ್ಸೆಗೆ ಬಂತು. ಕಟೊವಿತ್ಸೆ ಅಂದರೆ ಕಲ್ಲಿದ್ದಲು ಗಣಿಗಳ ಊರು. ಅಲ್ಲಿ ಮೂರು ಕೆರೆಗಳ ಕಣಿವೆ ಅಂತ ಒಂದು ದೊಡ್ಡ ಹಸಿರು ಜಾಗ ಇದೆ, ಹಬ್ಬ ನಡೆಯೋದು ಅಲ್ಲೇ. ಗ್ದಿನ್ಯಾದ ಓಪನರ್ ಹಬ್ಬದಷ್ಟು ಇದು ದೊಡ್ಡದಲ್ಲ. ಒಂದು ವೇದಿಕೆಯಿಂದ ಇನ್ನೊಂದಕ್ಕೆ ಆರಾಮಾಗಿ ನಡೆದು ಹೋಗಬಹುದು. ಯಾರು ಬರಬೇಕು ಅನ್ನೋದರಲ್ಲಿ ರೋಯೆಕ್ ಅವರ ಕಿವಿಯೇ ದೊಡ್ಡದು. 2013ರಲ್ಲಿ ಮೈ ಬ್ಲಡಿ ವ್ಯಾಲೆಂಟೈನ್, 2015ರಲ್ಲಿ ಪ್ಯಾಟಿ ಸ್ಮಿತ್, 2017ರಲ್ಲಿ ಪಿ.ಜೆ. ಹಾರ್ವೆ ಇಲ್ಲಿ ಹಾಡಿದ್ದಾರೆ. ರೇಡಿಯೋದಲ್ಲಿ ದಿನವಿಡೀ ಬರೋ ಹಾಡುಗಳಿಗೆ ಇಲ್ಲಿ ಜಾಗ ಕಡಿಮೆ. ಅದಕ್ಕೇ ನಿಮಗೆ ಹೆಸರುಗಳು ಹೊಸದಾಗಿ ಕಾಣ್ತಿವೆ.

ಇನ್ನು ಕಂತಿನ ವಿಷಯ. ಅಮೆರಿಕದ ಒಂದು ಸಣ್ಣ ಬ್ಯಾಂಡ್ ಬರೀ ಕಟೊವಿತ್ಸೆಗೆ ಅಂತ ವಿಮಾನ ಹತ್ತಿದರೆ ಅವರಿಗೆ ಗಿಟ್ಟೋದಿಲ್ಲ. ಅವರು ಬೇಸಿಗೆಯಲ್ಲಿ ಯುರೋಪ್ ಸುತ್ತೋಕೆ ಬರ್ತಾರೆ. ಆಗಸ್ಟಿನಲ್ಲೇ ಓಸ್ಲೋದಲ್ಲಿ ಓಯಾ, ಗೋಥೆನ್‌ಬರ್ಗ್‌ನಲ್ಲಿ ವೇ ಔಟ್ ವೆಸ್ಟ್ ಹಬ್ಬಗಳೂ ನಡೆಯುತ್ತವೆ. ನಾಲ್ಕು ಊರಿನ ತಾರೀಕು ಒಂದಕ್ಕೊಂದು ಹೊಂದಿಕೊಂಡ ಮೇಲೇ ಅವರು ಹೂಂ ಅನ್ನೋದು. ಕೆಲವರು ತಮ್ಮ ಟೂರ್ ಪ್ರಕಟ ಆಗೋವರೆಗೂ ಹೆಸರು ಹೇಳಬೇಡಿ ಅನ್ನುತ್ತಾರೆ. ಹಾಗಾಗಿ ಚಳಿಗಾಲದಿಂದ ಬೇಸಿಗೆವರೆಗೂ ಹೆಸರುಗಳು ಸೇರ್ತಾನೇ ಇರುತ್ತವೆ. ಪೋಲಿಷ್ ಬ್ಯಾಂಡ್‌ಗಳಿಗೆ ಈ ಕಷ್ಟ ಇಲ್ಲ. ತಮ್ಮದೇ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಬಂದುಬಿಡ್ತಾರೆ. ಟಿಕೆಟ್ ಬೆಲೆಯೂ ಹಬ್ಬ ಹತ್ತಿರ ಬಂದ ಹಾಗೆ ಏರುತ್ತದೆ, ಆದ್ದರಿಂದ ಪೂರ್ತಿ ಪಟ್ಟಿ ಬರಲಿ ಅಂತ ಕಾಯಬೇಡಿ.

ನಾನು ನಿಜವಾಗಿ ಹೇಳಬೇಕು ಅಂತಿರೋದು ಆ ಪೋಲಿಷ್ ಹೆಸರುಗಳ ಬಗ್ಗೆ. ಪೋಸ್ಟರಿನಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಇರ್ತಾರಲ್ಲ, ಅವರೇ. ನಮ್ಮಂಥವರು ಅವರನ್ನು ದಾಟಿ ಮುಂದೆ ಹೋಗಿಬಿಡ್ತೀವಿ. ಭಾಷೆ ಬರೋದಿಲ್ಲ, ಹೆಸರು ಉಚ್ಚರಿಸೋಕೂ ಬರೋದಿಲ್ಲ. ನಾನೂ ಹಾಗೇ ಮಾಡಿದ್ದೆ. ಮೊದಲ ವರ್ಷ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಸುಮ್ನೆ ನೆರಳು ಹುಡುಕಿಕೊಂಡು ಮರಗಳ ಕಡೆಯ ವೇದಿಕೆಗೆ ಹೋಗಿ ಕೂತೆ. ಮುಂದೆ ಮೂವತ್ತು ನಲವತ್ತು ಜನ ಇದ್ದರೇನೋ. ನಾಲ್ಕು ಹುಡುಗರ ಬ್ಯಾಂಡ್. ಬಾಸ್ ಗಿಟಾರಿನವನ ಹೆಗಲ ಪಟ್ಟಿ ಕಿತ್ತುಹೋಗಿತ್ತು, ಅದನ್ನು ಕಪ್ಪು ಟೇಪಿನಿಂದ ಸುತ್ತಿಕೊಂಡೇ ನುಡಿಸುತ್ತಿದ್ದ. ಹಾಡುವವನು ಕಣ್ಣು ಮುಚ್ಚಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿದ. ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಏನದು ಅಂತ ಕೇಳಿದೆ. 'ಅಪ್ಪ ಗಣಿಯಿಂದ ಮನೆಗೆ ಬಂದಾಗ ಕಣ್ಣು ಮಾತ್ರ ಬೆಳ್ಳಗೆ' ಅಂದಳು. ಇದೇ ಕಡೆಯ ಹುಡುಗರಂತೆ. ನನಗೆ ಮೈ ಜುಮ್ಮೆಂದಿತು. ನಮ್ಮೂರಿನ ಹತ್ತಿಮಿಲ್ಲಿಂದ ಮೈತುಂಬಾ ಹತ್ತಿಯ ಎಳೆ ಅಂಟಿಸಿಕೊಂಡು ಬರ್ತಿದ್ದ ನಮ್ಮ ದೊಡ್ಡಪ್ಪ ಕಣ್ಣ ಮುಂದೆ ಬಂದು ನಿಂತರು. ಆ ರಾತ್ರಿ ಕೇಳಿದ ದೊಡ್ಡ ಬ್ಯಾಂಡಿನ ಒಂದು ಹಾಡೂ ಈಗ ನೆನಪಿಲ್ಲ. ಈ ಸಾಲು ಇದೆ.

ಪೋಲೆಂಡಿನಲ್ಲಿ ಇಂಥ ಬ್ಯಾಂಡ್‌ಗಳು ಇವತ್ತು ನಿನ್ನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಯಾರೊಚಿನ್ ಅನ್ನೋ ಸಣ್ಣ ಊರಿನಲ್ಲಿ ರಾಕ್ ಹಬ್ಬ ನಡೆಯುತ್ತಿತ್ತು. ಹಾಡಿನ ಸಾಲುಗಳನ್ನು ಮೊದಲೇ ಸೆನ್ಸಾರ್‌ಗೆ ತೋರಿಸಬೇಕಿತ್ತು. ಆದರೂ ದೇಶದ ಮೂಲೆಮೂಲೆಯಿಂದ ಹುಡುಗರು ಬರ್ತಿದ್ದರು. ಆ ಹಟ ಇವತ್ತಿನ ಬ್ಯಾಂಡ್‌ಗಳಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕಥೆ ಕೇಳಿ. ಝ್ಬಿಗ್ನ್ಯೆವ್ ವೊದೆತ್ಸ್ಕಿ ಅಂತ ಕ್ರಾಕುಫ್‌ನ ಗಾಯಕ, ಪಿಟೀಲು ವಾದಕ ಇದ್ದರು. ಮಾಯಾ ಅನ್ನೋ ಜೇನುಹುಳದ ಕಾರ್ಟೂನಿಗೆ ಪೋಲಿಷ್ ಹಾಡು ಹಾಡಿ ಮನೆಮಾತಾದವರು. 1976ರಲ್ಲಿ, ಇಪ್ಪತ್ತಾರನೇ ವಯಸ್ಸಿನಲ್ಲಿ, ಅವರ ಮೊದಲ ಆಲ್ಬಂ ಬಂದಿತ್ತು. ಅದು ಓಡಲಿಲ್ಲ, ಜನ ಮರೆತರು. 2013ರಲ್ಲಿ ವಾರ್ಸಾದ ಮಿಚ್ ಅಂಡ್ ಮಿಚ್ ತಂಡ ಅವರನ್ನು ಆಫ್ ಫೆಸ್ಟಿವಲ್ ವೇದಿಕೆಗೆ ಕರೆತಂದು, ಆ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೂ ಜೊತೆಗೆ ನುಡಿಸಿತು. ಆಗ ಅವರಿಗೆ ಅರವತ್ತಮೂರು. ಆ ಹಾಡುಗಳು ಬಂದಾಗ ಹುಟ್ಟೇ ಇರದ ಹುಡುಗ ಹುಡುಗಿಯರು ನಿಂತು ಕೇಳಿದರು. 2015ರಲ್ಲಿ ಅದೇ ಹಾಡುಗಳು ಹೊಸದಾಗಿ ರೆಕಾರ್ಡ್ ಆಗಿ ಬಂದವು, ಮರುವರ್ಷ ದೇಶದ ದೊಡ್ಡ ಸಂಗೀತ ಪ್ರಶಸ್ತಿ ಫ್ರಿದೆರಿಕ್ ಕೂಡ ಬಂತು. 2017ರಲ್ಲಿ ಅವರು ತೀರಿಕೊಂಡರು. ನಮ್ಮ ಮನೆ ಓನರ್ ಅಜ್ಜಿಗೆ ಅವರ ಹೆಸರು ಹೇಳಿದ್ದೇ ತಡ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಆ ಜೇನುಹುಳದ ಹಾಡನ್ನು ಪೂರ್ತಿ ಹಾಡಿದರು. ಆಮೇಲೆ ನಾನು ಹಳೆಯ ಆಲ್ಬಂ ಹಾಕಿದೆ. 'ಇದು ನಮ್ಮ ವೊದೆತ್ಸ್ಕಿನೇನಾ?' ಅಂತ ಕೈಲಿದ್ದ ಚಾಕು ಕೆಳಗಿಟ್ಟು ಕೂತುಬಿಟ್ಟರು.

ಪಟ್ಟಿ ಕೈಗೆ ಬಂದಾಗ ನಾನು ಮಾಡೋದು ಇಷ್ಟೇ. ಕೆಳಗಿನ ಸಾಲುಗಳಿಂದ ಓದೋಕೆ ಶುರು ಮಾಡ್ತೀನಿ. ಪ್ರತಿ ಪೋಲಿಷ್ ಬ್ಯಾಂಡಿನದ್ದೂ ಎರಡೆರಡು ಹಾಡು ಕೇಳ್ತೀನಿ. ಇಷ್ಟವಾದ ನಾಲ್ಕೈದು ಹೆಸರು ಚೀಟಿಯಲ್ಲಿ ಬರೆದಿಟ್ಟು, ಉಳಿದ ಹೊತ್ತು ಕಾಲು ಕರೆದುಕೊಂಡು ಹೋದ ಕಡೆ ಹೋಗ್ತೀನಿ. ಒಂದು ವರ್ಷ ನಾನು ತುಂಬಾ ಕಾದಿದ್ದ ಬ್ಯಾಂಡ್ ಕೊನೇ ಗಳಿಗೆಯಲ್ಲಿ ಬರಲಿಲ್ಲ. ಬೇಜಾರಾಯಿತು. ಆದರೆ ಆ ಹೊತ್ತಿನಲ್ಲಿ ಪಕ್ಕದ ಡೇರೆಗೆ ಹೋಗಿ ಕೇಳಿದ ಪೋಲಿಷ್ ತಂಡದ ಸಿ.ಡಿ. ಇವತ್ತಿಗೂ ನನ್ನ ಕಾರಿನಲ್ಲಿದೆ.

ಕಿವಿಗೆ ಹಾಕೋ ಪ್ಲಗ್ ಮರೀಬೇಡಿ, ಸ್ಪೀಕರ್ ಹತ್ತಿರ ನಿಂತರೆ ಎರಡು ದಿನ ಕಿವಿ ಗುಂಯ್ ಅನ್ನುತ್ತೆ. ಆಗಸ್ಟಿನಲ್ಲಿ ಎಂಟು ಗಂಟೆಯಾದರೂ ಬೆಳಕಿರುತ್ತದೆ, ಆದರೆ ಮಳೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ತೆಳ್ಳಗಿನ ರೇನ್‌ಕೋಟ್ ಇರಲಿ. ಸಸ್ಯಾಹಾರಿ ಆದರೆ ಚಿಂತೆ ಬೇಡ, ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿಯೆರೊಗಿ ಕೇಳಿ, ನಮ್ಮ ಕಡುಬಿನ ಹಾಗೇ ಇರುತ್ತೆ.

ಒಬ್ಬರೇ ಹೋಗೋಕೆ ಹಿಂಜರಿಕೆ ಇದ್ದರೆ ಇಲ್ಲೇ ಕೆಳಗೆ ತಿಳಿಸಿ. ಶುಕ್ರವಾರ ಮಧ್ಯಾಹ್ನ ಕಟೊವಿತ್ಸೆ ಸ್ಟೇಷನ್ನಿನಲ್ಲಿ ಸಿಗೋಣ. ನಾನು ಖಾರ ಮಂಡಕ್ಕಿ ಮಾಡಿಕೊಂಡು ಬರ್ತೀನಿ, ಗೇಟಿನ ಹೊರಗೇ ತಿಂದು ಒಳಗೆ ಹೋದರೆ ನಾಲ್ಕು ಗಂಟೆಯ ಬ್ಯಾಂಡ್ ಸಿಗುತ್ತೆ.