ದುಂಡು ಸರಳು, ಚಪ್ಪಟೆ ಪ್ಲೇಟು: ಬೆಸುಗೆ ನಿಜವಾಗಿ ಎಷ್ಟು ಆಳ ಇಳಿದಿದೆ?

ಪ್ರಶ್ನೆ: ನಾನು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಸಣ್ಣ ಶೆಡ್ ನಡೆಸುತ್ತಿದ್ದೇನೆ. 32 ಮಿ.ಮೀ. ದುಂಡು ಸರಳನ್ನು ಬಗ್ಗಿಸಿ, ಅದರ ಎರಡು ಕಾಲುಗಳನ್ನು 12 ಮಿ.ಮೀ. ಪ್ಲೇಟಿನ ಮೇಲೆ ಮಲಗಿಸಿ, ಪಕ್ಕದ ಸಂದುಗಳನ್ನು ಪೂರ್ತಿ ತುಂಬಿ ಎಳೆಯುವ ಕೊಂಡಿ ಮಾಡಿದ್ದೆ. ಬೆಸುಗೆ ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಕೆಸರಿನಲ್ಲಿ ಹೂತ ಟ್ರೇಲರನ್ನು ಎಳೆಯುವಾಗ ಕೊಂಡಿ ಕಿತ್ತು ಬಂತು. ಕಿತ್ತ ಜಾಗದಲ್ಲಿ ಹೊರಗಿನ ಐದಾರು ಮಿ.ಮೀ. ಮಾತ್ರ ಹೊಳೆಯುತ್ತಿತ್ತು, ಒಳಗೆಲ್ಲ ಕಪ್ಪು ಸ್ಲ್ಯಾಗ್ (ಬೆಸುಗೆ ಕಡ್ಡಿಯ ಲೇಪನ ಕರಗಿ ಗಟ್ಟಿಯಾದ ಕಿಟ್ಟ). ತಪ್ಪಿದ್ದೆಲ್ಲಿ? (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಯಾರಿಗೂ ಪೆಟ್ಟಾಗಲಿಲ್ಲ ಎಂದು ಭಾವಿಸುತ್ತೇನೆ, ಏಕೆಂದರೆ ಬಿಗಿಯಾಗಿ ಎಳೆದ ಸರಪಳಿಯ ತುದಿಯಿಂದ ಕಿತ್ತು ಹಾರುವ ಕೊಂಡಿ ಪ್ರಾಣವನ್ನೇ ತೆಗೆಯಬಲ್ಲದು. ಮುರಿದ ಮೈಯನ್ನು ನೀವು ಗಮನವಿಟ್ಟು ನೋಡಿದ್ದೀರಿ. ಉತ್ತರದ ಅರ್ಧ ಅಲ್ಲಿಯೇ ಇದೆ.

ಬಾಗಿದ ಮೈ ಚಪ್ಪಟೆ ಮೈಗೆ ತಗುಲಿದಾಗ ತಾನಾಗಿಯೇ ಉಂಟಾಗುವ ಸಂದನ್ನು ತುಂಬುವ ಬೆಸುಗೆಗೆ ಫ್ಲೇರ್ ಬೆವೆಲ್ ಗ್ರೂವ್ ಎನ್ನುತ್ತಾರೆ. ಎರಡು ಬಾಗಿದ ಮೈಗಳು ಒಂದಕ್ಕೊಂದು ತಾಗಿ ನಿಂತರೆ ಅದು ಫ್ಲೇರ್ ವಿ. ಗ್ರೈಂಡರ್ ಹಿಡಿದು ಅಂಚು ಕೆತ್ತುವ ಕೆಲಸ ಇಲ್ಲಿ ಇಲ್ಲದ ಕಾರಣ ಇದು ಸುಲಭದ ಬೆಸುಗೆ ಎಂದು ಅನೇಕರು ತಿಳಿಯುತ್ತಾರೆ. ಆದರೆ ನಾವೇ ಕೆತ್ತಿದ ಗ್ರೂವ್‌ನ ಗೋಡೆ ನೇರವಾಗಿ ಇಳಿಯುತ್ತದೆ. ಇಲ್ಲಿಯ ಗೋಡೆ ಒಳಗೆ ಹೋದಂತೆಲ್ಲ ಪ್ಲೇಟಿನ ಮೇಲೆ ಒರಗುತ್ತಾ ಬಂದು ಕೊನೆಗೆ ಕೂದಲೆಳೆಯಷ್ಟೂ ಜಾಗ ಬಿಡುವುದಿಲ್ಲ.

ನಿಮ್ಮ ಸರಳಿನ ತ್ರಿಜ್ಯ 16 ಮಿ.ಮೀ. ಅದು ಪ್ಲೇಟಿಗೆ ತಗುಲುವ ಗೆರೆಯಿಂದ ಹೊರಕ್ಕೆ ಅಳೆಯೋಣ. 16 ಮಿ.ಮೀ. ದೂರದಲ್ಲಿ, ಅಂದರೆ ಸಂದಿನ ಬಾಯಲ್ಲಿ, ಸರಳಿಗೂ ಪ್ಲೇಟಿಗೂ ನಡುವೆ 16 ಮಿ.ಮೀ. ತೆರಪಿದೆ. 11 ಮಿ.ಮೀ. ದೂರದಲ್ಲಿ ತೆರಪು ಸುಮಾರು 4.4 ಮಿ.ಮೀ.ಗೆ ಇಳಿಯುತ್ತದೆ; 6 ಮಿ.ಮೀ. ದೂರದಲ್ಲಿ ಉಳಿಯುವುದು 1.2 ಮಿ.ಮೀ. ಮಾತ್ರ. 3.15 ಮಿ.ಮೀ. ಎಲೆಕ್ಟ್ರೋಡನ್ನು, ಅಂದರೆ ಬೆಸುಗೆ ಕಡ್ಡಿಯನ್ನು, ಅದರ ಲೇಪನದ ಸಮೇತ ಅಳೆದು ನೋಡಿ, ಸುಮಾರು 5 ಮಿ.ಮೀ. ದಪ್ಪ ಇರುತ್ತದೆ. ಆ 4.4 ಮಿ.ಮೀ. ತೆರಪಿನಲ್ಲಿ ಅದು ತೂರುವುದಿಲ್ಲ. ಆರ್ಕ್ (ಕಡ್ಡಿಯ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆ) ತನಗೆ ಹತ್ತಿರ ಸಿಕ್ಕ ಪಕ್ಕದ ಗೋಡೆಗೆ ಹಾರುತ್ತದೆ, ಕರಗಿದ ಲೋಹ ಎರಡು ಗೋಡೆಗಳ ನಡುವೆ ಸೇತುವೆಯಂತೆ ಕೂರುತ್ತದೆ, ಅದರ ಕೆಳಗೆ ಸ್ಲ್ಯಾಗ್ ಸಿಕ್ಕಿಕೊಳ್ಳುತ್ತದೆ. ನೀವು ಕಂಡ ಕಪ್ಪು ಅದೇ.

ಹೀಗಾಗಿಯೇ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಸಂಹಿತೆ, ಎಲೆಕ್ಟ್ರೋಡ್‌ನಿಂದ ಕೈಯಲ್ಲಿ ಹಾಕಿದ ಫ್ಲೇರ್ ಬೆವೆಲ್ ಬೆಸುಗೆಯನ್ನು ಬಾಯಿಮಟ್ಟ ತುಂಬಿದ್ದರೂ, ಲೆಕ್ಕಕ್ಕೆ ಹಿಡಿಯಬೇಕಾದ ಥ್ರೋಟ್ (ಲೋಹ ನಿಜವಾಗಿ ಬೆಸೆದು ಭಾರ ಹೊರುವ ಆಳ) ಹೊರಗಿನ ತ್ರಿಜ್ಯದ 16ರಲ್ಲಿ 5 ಭಾಗ ಮಾತ್ರ ಎನ್ನುತ್ತದೆ. ನಿಮ್ಮ ಸರಳಿಗೆ ಅದು ಸರಿಯಾಗಿ 5 ಮಿ.ಮೀ. ಆಗುತ್ತದೆ, ಮುರಿದ ಮೈಯಲ್ಲಿ ಹೊಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಬೆಸುಗೆಗೆ ಚದರ ಮಿ.ಮೀ.ಗೆ 108 ನ್ಯೂಟನ್ ಅನುಮತ ಒತ್ತಡ ಎಂದು ನಮ್ಮಲ್ಲಿ ಬಹುಕಾಲ ನಡೆದುಬಂದ ಲೆಕ್ಕದಲ್ಲಿ, 100 ಮಿ.ಮೀ. ಉದ್ದದ ಒಂದು ಸಂದು 54,000 ನ್ಯೂಟನ್, ಅಂದರೆ ಸುಮಾರು ಐದೂವರೆ ಟನ್ ಭಾರ ಹೊರಬಲ್ಲದು. ಸಂದು ತುಂಬಿದೆ ಎಂಬ ಒಂದೇ ಕಾರಣಕ್ಕೆ 16 ಮಿ.ಮೀ. ಥ್ರೋಟ್ ಇದೆಯೆಂದು ನಂಬಿದವರು ಅದೇ ಬೆಸುಗೆಯಿಂದ ಹದಿನೇಳೂವರೆ ಟನ್ ನಿರೀಕ್ಷಿಸುತ್ತಾರೆ. ಕೊಂಡಿ ಕಿತ್ತು ಬರುವುದು ಈ ಎರಡು ಅಂಕಿಗಳ ನಡುವೆ ಎಲ್ಲೋ ಒಂದು ಕಡೆ.

ಹಾಗಾದರೆ ಮಾಡುವುದೇನು? ಮೊದಲು ತುಕ್ಕು, ಬಣ್ಣ, ಎಣ್ಣೆಗಳನ್ನು ಸಂದಿನ ಒಳಗಿನವರೆಗೂ ತೆಗೆಯಿರಿ. ಮೊದಲ ಸಾಲನ್ನು 2.5 ಮಿ.ಮೀ. ಎಲೆಕ್ಟ್ರೋಡ್‌ನಿಂದ, ಅಲುಗಾಡಿಸದೆ, ಸಣ್ಣ ಆರ್ಕ್ ಹಿಡಿದು ಎಳೆಯಿರಿ. ಚೂಪು ಮೂತಿಯ ಸುತ್ತಿಗೆಯಿಂದ ಸ್ಲ್ಯಾಗನ್ನು ಪೂರ್ತಿ ಕೆದಕಿ, ತಂತಿ ಬ್ರಷ್‌ನಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆಯೇ ಎರಡನೆಯ ಸಾಲಿಗೆ ಕೈ ಹಾಕಬೇಕು. ಒಂದೇ ಅಗಲವಾದ ಸಾಲಿನಲ್ಲಿ ಇಡೀ ಸಂದು ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಇಷ್ಟೆಲ್ಲ ಮಾಡಿದರೂ 5 ಮಿ.ಮೀ.ಗಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ. ಹೆಚ್ಚು ಬಲ ಬೇಕಿದ್ದರೆ ಕೊಂಡಿಯ ಕಾಲುಗಳನ್ನು ಉದ್ದ ಮಾಡಿ. ನನ್ನ ಮಟ್ಟಿಗೆ ಅದೇ ಅತ್ಯಂತ ಅಗ್ಗದ ಮತ್ತು ಅತ್ಯಂತ ಖಚಿತವಾದ ದಾರಿ.

ಪ್ರಶ್ನೆ: ಮಿಗ್ ಯಂತ್ರ ತಂದರೆ ಈ ತೊಂದರೆ ತಪ್ಪುತ್ತದೆಯೇ? ನಾವು ಹೆಚ್ಚಾಗಿ ಚೌಕ ಪೈಪುಗಳನ್ನು ಪ್ಲೇಟಿಗೆ ಜೋಡಿಸುತ್ತೇವೆ. (ಓದುಗರು, ಪೀಣ್ಯ, ಬೆಂಗಳೂರು)

ಉತ್ತರ: ಕಡಿಮೆಯಾಗುತ್ತದೆ, ತಪ್ಪುವುದಿಲ್ಲ. ಮಿಗ್‌ನಲ್ಲಿ ಲೇಪನದ ಕಡ್ಡಿಯ ಬದಲು ಯಂತ್ರ ತಾನೇ ತಳ್ಳುವ ತಂತಿ ಕರಗುತ್ತದೆ. ಆ ತಂತಿ ತೆಳುವಾಗಿರುವುದರಿಂದ ಆರ್ಕ್ ಸಂದಿನ ಒಳಕ್ಕೆ ಹೋಗುತ್ತದೆ. ಆದ್ದರಿಂದ ಅದೇ ಸಂಹಿತೆ ಮಿಗ್ ಬೆಸುಗೆಗೆ ತ್ರಿಜ್ಯದ 8ರಲ್ಲಿ 5 ಭಾಗವನ್ನು, ಅಂದರೆ ಎರಡರಷ್ಟು ಥ್ರೋಟನ್ನು, ಒಪ್ಪುತ್ತದೆ. ಆದರೆ ತೆಳು ತಗಡಿಗೆಂದು ವೋಲ್ಟೇಜ್ ಇಳಿಸಿ, ತಂತಿ ಚಟಚಟ ಸದ್ದಿನೊಂದಿಗೆ ತಗುಲಿ ತಗುಲಿ ಕರಗುವ ಶಾರ್ಟ್ ಸರ್ಕ್ಯೂಟ್ ವಿಧಾನಕ್ಕೆ ಈ ರಿಯಾಯಿತಿ ಇಲ್ಲ. ಆ ವಿಧಾನದಲ್ಲಿ ಶಾಖ ಸಾಲದೆ, ಲೋಹ ಬೆಸೆಯದೆ ಬರಿದೇ ಮೇಲೆ ಕೂರುವ ಅಪಾಯವಿದೆ.

ಚೌಕ ಪೈಪಿನ ಮೂಲೆಯ ಹೊರ ತ್ರಿಜ್ಯವನ್ನು ಗೋಡೆಯ ದಪ್ಪದ ಎರಡರಷ್ಟು ಎಂದು ಹಿಡಿಯುವುದು ರೂಢಿ. 5 ಮಿ.ಮೀ. ಗೋಡೆಯ ಪೈಪಿಗೆ ಅದು 10 ಮಿ.ಮೀ.; ಎಲೆಕ್ಟ್ರೋಡ್ ಬೆಸುಗೆಯಲ್ಲಿ ಸಿಗುವ ಥ್ರೋಟ್ ಸುಮಾರು 3.1 ಮಿ.ಮೀ. ಮಾತ್ರ, ಗೋಡೆಯ ದಪ್ಪಕ್ಕಿಂತ ಕಡಿಮೆ. ಇದಕ್ಕಿಂತ ಸಣ್ಣ ತ್ರಿಜ್ಯದ ಮೂಲೆಗಳಲ್ಲಿ ಗ್ರೂವ್‌ನ ಬಲವನ್ನು ನಂಬದೆ, ತುಂಬಿದ ಸಂದಿನ ಮೇಲೆ ಇನ್ನೊಂದು ಫಿಲೆಟ್ ಬೆಸುಗೆ (ಮೂಲೆಯಲ್ಲಿ ತ್ರಿಕೋನಾಕಾರವಾಗಿ ಕೂರುವ ಬೆಸುಗೆ) ಹಾಕಿ ಅದನ್ನಷ್ಟೇ ಲೆಕ್ಕ ಹಿಡಿಯುವುದು ಒಳ್ಳೆಯದು.

ಪ್ರಶ್ನೆ: ನಕ್ಷೆಯಲ್ಲಿ ಒಂದು ನೇರ ಗೆರೆ, ಪಕ್ಕದಲ್ಲಿ ಹೊರಕ್ಕೆ ಬಾಗಿದ ಇನ್ನೊಂದು ಗೆರೆ, ಎಡಕ್ಕೆ 16 (5) ಎಂದು ಬರೆದಿದೆ. ಇದರ ಅರ್ಥವೇನು? (ಐಟಿಐ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಅದೇ ಫ್ಲೇರ್ ಬೆವೆಲ್‌ನ ಚಿಹ್ನೆ. ನೇರ ಗೆರೆ ಚಪ್ಪಟೆ ಮೈಯನ್ನೂ ಬಾಗಿದ ಗೆರೆ ದುಂಡು ಮೈಯನ್ನೂ ಸೂಚಿಸುತ್ತದೆ; ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಾಗಿದ ಗೆರೆಗಳಿದ್ದರೆ ಅದು ಫ್ಲೇರ್ ವಿ. ಕಂಸದ ಹೊರಗಿನ 16 ಸಂದಿನ ಆಳ, ಅಂದರೆ ತ್ರಿಜ್ಯ. ಕಂಸದೊಳಗಿನ 5 ನೀವು ನಿಜವಾಗಿ ಕೊಡಬೇಕಾದ ಥ್ರೋಟ್. ಅಮೆರಿಕನ್ ಪದ್ಧತಿಯ ನಕ್ಷೆಯಲ್ಲಿ ಚಿಹ್ನೆ ಅಡ್ಡಗೆರೆಯ ಕೆಳಗಿದ್ದರೆ ಬಾಣ ತೋರಿಸುವ ಬದಿಗೆ, ಮೇಲಿದ್ದರೆ ಆಚೆ ಬದಿಗೆ ಬೆಸುಗೆ ಹಾಕಬೇಕು.

ಆ 5 ಮಿ.ಮೀ. ಸಿಕ್ಕಿದೆಯೇ ಎಂದು ಹೊರಗಿನಿಂದ ಅಳೆಯುವ ಗೇಜ್ ಇಲ್ಲ. ನಿಮ್ಮ ಕಾರ್ಯಾಗಾರದಲ್ಲಿ ಅದೇ ಸರಳು, ಅದೇ ಪ್ಲೇಟು, ಅದೇ ಕರೆಂಟ್ ಇಟ್ಟು ಒಂದು ಗೇಣುದ್ದದ ಮಾದರಿ ಬೆಸೆಯಿರಿ. ಅದನ್ನು ಅಡ್ಡಕ್ಕೆ ಕತ್ತರಿಸಿ, ಅರ ಹಾಕಿ, ಎಮರಿ ಕಾಗದದಿಂದ ನುಣುಪಾಗುವವರೆಗೆ ಉಜ್ಜಿ. ಬಳಿಕ ಶಿಕ್ಷಕರ ಎದುರಿನಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ, ಆಲ್ಕೋಹಾಲಿನಲ್ಲಿ ದುರ್ಬಲಗೊಳಿಸಿದ ನೈಟ್ರಿಕ್ ಆಮ್ಲವನ್ನು ಹತ್ತಿಯಿಂದ ಸವರಿದರೆ, ಬೆಸುಗೆಯ ಲೋಹ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಆಗ ಸ್ಕೇಲ್ ಇಟ್ಟು, ಹೊರಮೈಯಿಂದ ಲೋಹ ಎರಡೂ ಗೋಡೆಗಳಿಗೆ ಬೆಸೆದಿರುವ ಕೊನೆಯ ಬಿಂದುವಿನವರೆಗೆ ಅಳೆಯಿರಿ.